ವೀರಪ್ಪನ್ ಕಥೆಯನ್ನು ಮನೆಮಂದಿಯೆಲ್ಲ ಕೂತು ನೋಡಬಹುದೇ?

ಕಾವೇರಿಪ್ರಿಯೆ, ಮೈಸೂರು

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನವರು ಸೇರಲಿದ್ದೇವೆ. ಹಬ್ಬದ ರಾತ್ರಿಗಳಲ್ಲಿ ಎಲ್ಲರೂ ಒಟ್ಟಿಗೆ ಕೂತು ಏನಾದರೊಂದು ಚಿತ್ರ ನೋಡುವುದು ನಮ್ಮಲ್ಲಿ ರೂಢಿ. ಈ ಬಾರಿ ‘ದಿ ಹಂಟ್ ಫಾರ್ ವೀರಪ್ಪನ್’ ನೋಡೋಣವೆಂದು ಭಾವನವರು ಪಟ್ಟು ಹಿಡಿದಿದ್ದಾರೆ. 2023ರ ಆಗಸ್ಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ, ನಾಲ್ಕು ಕಂತುಗಳ ಸಾಕ್ಷ್ಯಚಿತ್ರ ಸರಣಿ ಅದು.

ನನ್ನ ಅಳುಕು ರಕ್ತಪಾತದ ದೃಶ್ಯಗಳ ಬಗ್ಗೆ ಮಾತ್ರ ಅಲ್ಲ. ನಮ್ಮ ಮಾವನವರು ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟದ ದಾರಿಯಲ್ಲಿ ವರ್ಷಗಟ್ಟಲೆ ದುಡಿದವರು, ಆ ಕಾಲದ ಸುದ್ದಿ ಎತ್ತಿದರೆ ಮಾತು ತಿರುಗಿಸಿಬಿಡುತ್ತಾರೆ. ಅತ್ತೆಯವರಿಗೆ ವೀರಪ್ಪನ್ ಎಂದರೆ ರಾಜ್‌ಕುಮಾರ್ ಅವರನ್ನು ಹೊತ್ತೊಯ್ದ ಪಾಪಿ, ಅಷ್ಟೇ. ಒಂಬತ್ತನೆಯ ತರಗತಿಯ ನನ್ನ ಮಗಳಿಗೆ ಆತ ದೊಡ್ಡ ಮೀಸೆಯ, ಅಬ್ಬರದ ಸಂಗೀತವಿರುವ ಒಂದು ರೀಲ್. ಮೈದುನನ ಮಗನಿಗೆ ಇನ್ನೂ ಹತ್ತು ವರ್ಷ. ಒಂದೇ ಸೋಫಾದ ಮೇಲೆ ಕೂರುವ ಇವರೆಲ್ಲರೂ ನೋಡುವುದು ಒಂದೇ ಕಥೆಯನ್ನಾಗಿರುವುದಿಲ್ಲವೆಂಬುದು ನನಗೆ ಈಗಲೇ ಗೊತ್ತಾಗುತ್ತಿದೆ. ಇಂಥ ನಿಜ ಅಪರಾಧದ ಚಿತ್ರಗಳನ್ನು ಮನೆಯವರೊಂದಿಗೆ ನೋಡಿದವರು, ಹೇಗೆ ನೋಡಿದಿರಿ, ನೋಡಿದ ಮೇಲೆ ಮನೆಯಲ್ಲಿ ಏನು ಮಾತು ನಡೆಯಿತು ಎಂಬುದನ್ನು ದಯವಿಟ್ಟು ತಿಳಿಸಿ.

ಬೆಣ್ಣೆದೋಸೆ, ದಾವಣಗೆರೆ

ಅಕ್ಕಾವ್ರೇ, ಕಜ್ಜಾಯ ತಿನ್ನುವ ಹೊತ್ತಿನಲ್ಲಿ ಹೆಣಗಳ ಲೆಕ್ಕ ಏಕೆ? ಹಬ್ಬ ಮುಗಿದ ಮೇಲೆ ದೊಡ್ಡವರು ಮಾತ್ರ ಕೂತು ನೋಡಿದರೆ ಯಾರೂ ಬೇಡವೆನ್ನುವುದಿಲ್ಲ. ನನ್ನ ಅಭಿಪ್ರಾಯ ಇಷ್ಟೇ.

ಹಳೇ ಪ್ರೊಜೆಕ್ಟರ್, ತುಮಕೂರು

ಹತ್ತು ವರ್ಷದ ಹುಡುಗನ ವಿಷಯಕ್ಕೆ ಮೊದಲು ಬರುತ್ತೇನೆ. ಚಿತ್ರಮಂದಿರಕ್ಕೆ ಬರುವ ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಸರ್ಟಿಫಿಕೇಟ್ ಕೊಡುತ್ತದೆ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಹಿಂದಿನ ಒಂದೇ ‘ಯುಎ’ ಈಗ 7+, 13+, 16+ ಎಂದು ಮೂರಾಗಿದೆ. ಆದರೆ ಒಟಿಟಿಯಲ್ಲಿ ನೇರವಾಗಿ ಬರುವ ಸರಣಿ ಸೆನ್ಸಾರ್ ಮಂಡಳಿಯ ಮುಂದೆ ಹೋಗುವುದೇ ಇಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಆ ಸಂಸ್ಥೆಯೇ ವಯಸ್ಸಿನ ವರ್ಗ ನಿಗದಿ ಮಾಡಿ ಪರದೆಯ ಮೇಲೆ ತೋರಿಸಬೇಕು, 13+ ಹಾಗೂ ಅದಕ್ಕೆ ಮೇಲ್ಪಟ್ಟದ್ದಕ್ಕೆ ಪೋಷಕರು ಹಾಕಬಹುದಾದ ಬೀಗದ ಸೌಲಭ್ಯವನ್ನೂ ಕೊಡಬೇಕು. ಹಾಗಾಗಿ ಕಂತು ಶುರುವಾದಾಗ ಮೂಲೆಯಲ್ಲಿ ಮೂಡಿ ಮಾಯವಾಗುವ ಆ ಸಣ್ಣ ಅಕ್ಷರಗಳನ್ನು ಓದಿಯೇ ಮುಂದುವರಿಯಿರಿ, ಚಿಕ್ಕವನ ಪ್ರೊಫೈಲ್ ಬೇರೆ ಮಾಡಿಡಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಥಾಚಿತ್ರ ಬೇರೆ, ಸಾಕ್ಷ್ಯಚಿತ್ರ ಬೇರೆ. 2013ರ ‘ಅಟ್ಟಹಾಸ’ದಲ್ಲಿ ವೀರಪ್ಪನ್ ಪಾತ್ರ ಮಾಡಿದವರು ಕಿಶೋರ್. ಎಂಥ ಕ್ರೌರ್ಯದ ದೃಶ್ಯ ಬಂದರೂ ‘ಎಷ್ಟು ಚೆನ್ನಾಗಿ ನಟಿಸಿದ್ದಾರೆ’ ಎಂದು ಹೇಳಿ ಒಂದು ಮಾರು ದೂರ ನಿಲ್ಲಲು ನೋಡುಗನಿಗೆ ಅಲ್ಲಿ ಅವಕಾಶವಿದೆ. ಸಾಕ್ಷ್ಯಚಿತ್ರದಲ್ಲಿ ಸತ್ತವರ ಫೋಟೋ ನಿಜದ್ದು, ಅಳುವವರ ಕಣ್ಣೀರು ನಿಜದ್ದು. ಚಿಕ್ಕ ಮಕ್ಕಳಿಗೆ ಇದೇ ಹೆಚ್ಚು ಕಾಡುತ್ತದೆಯೆಂದು ನನ್ನ ಅನುಭವ.

ಅಣ್ಣಾವ್ರ ಅಭಿಮಾನಿ, ಬೆಂಗಳೂರು

ನಿಮ್ಮ ಅತ್ತೆಯವರ ಕಡೆಗೆ ನನ್ನ ಮತ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಅಣ್ಣಾವ್ರನ್ನು ಕರೆದೊಯ್ದಾಗಿನಿಂದ ನವೆಂಬರ್ 15ರಂದು ಬಿಡುಗಡೆಯಾಗುವವರೆಗಿನ 108 ದಿನ ಬೆಂಗಳೂರಿನಲ್ಲಿ ಇದ್ದವರಿಗೆ ಅದು ಸಿನಿಮಾದ ವಿಷಯವಲ್ಲ. ಚಿತ್ರಮಂದಿರಗಳು ಬಾಗಿಲು ಹಾಕಿದ್ದವು, ಶಾಲೆಗಳು ಮುಚ್ಚಿದ್ದವು, ರಾತ್ರಿ ರೇಡಿಯೋ ವಾರ್ತೆ ಕೇಳದೆ ನಮ್ಮ ಮನೆಯಲ್ಲಿ ಯಾರೂ ಎಲೆಯ ಮುಂದೆ ಕೂರುತ್ತಿರಲಿಲ್ಲ.

ಹಾಗಿದ್ದೂ ನಾವು 2016ರಲ್ಲಿ ‘ಕಿಲ್ಲಿಂಗ್ ವೀರಪ್ಪನ್’ ಚಿತ್ರಕ್ಕೆ ಮನೆಮಂದಿಯೆಲ್ಲ ಹೋದೆವು. ಕಾರಣ ಒಂದೇ: ಅಪಹರಣಕಾರನನ್ನು ಹಿಡಿಯುವ ಅಧಿಕಾರಿಯ ಪಾತ್ರದಲ್ಲಿ ಇದ್ದವರು ಅಣ್ಣಾವ್ರ ಮಗ ಶಿವರಾಜ್‌ಕುಮಾರ್. ಚಿತ್ರಮಂದಿರದಲ್ಲಿ ಶಿಳ್ಳೆ ಬಿದ್ದದ್ದು ಪಾತ್ರಕ್ಕೋ ಆ ಮಗನಿಗೋ ಹೇಳುವುದು ಕಷ್ಟ. ಆದರೆ ಮನೆಗೆ ಬಂದ ಮೇಲೆ ನನ್ನ ತಮ್ಮನ ಮಗ ಆಟಕ್ಕೆಂದು ಆರಿಸಿಕೊಂಡದ್ದು ಪೊಲೀಸ್ ಪಾತ್ರವನ್ನಲ್ಲ, ಇದ್ದಿಲಿನಿಂದ ಮೀಸೆ ಬರೆದುಕೊಂಡ. ಆ ಮನುಷ್ಯನ ಮುಖಕ್ಕೆ ನಾವು ಎಷ್ಟು ಬೆಳಕು ಹಾಕಿದ್ದೇವೆ ನೋಡಿ.

ಹನೂರು ಕಡೆಯವನು

ಮೇಲಿನವರ ಕೊನೆಯ ಮಾತನ್ನು ಹಿಡಿದೇ ಮುಂದುವರಿಸುತ್ತೇನೆ. ವೀರಪ್ಪನ್ ಮುಖ ನಿಮ್ಮ ಮಗಳಿಗೆ ಗೊತ್ತು, ಪಿ. ಶ್ರೀನಿವಾಸ್ ಅವರ ಮುಖ ಗೊತ್ತಿದೆಯೇ ಎಂದು ಕೇಳಿ ನೋಡಿ. ನಾನು ನಮ್ಮ ಕಡೆಗೆ ಬರುವ ಪ್ರವಾಸಿಗರನ್ನು ಕೇಳುತ್ತಿರುತ್ತೇನೆ. ಹೆಚ್ಚಿನವರು ಹೆಸರನ್ನೇ ಕೇಳಿರುವುದಿಲ್ಲ.

ಶ್ರೀನಿವಾಸ್ ಆಂಧ್ರದ ರಾಜಮಂಡ್ರಿಯ ಕಡೆಯವರು, ಕರ್ನಾಟಕ ಅರಣ್ಯ ಇಲಾಖೆಯಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದರು. 1986ರಲ್ಲಿಯೇ ವೀರಪ್ಪನ್ ಒಮ್ಮೆ ಅರಣ್ಯ ಇಲಾಖೆಯ ಕೈಗೆ ಸಿಕ್ಕು ತಪ್ಪಿಸಿಕೊಂಡಿದ್ದ. ಆಮೇಲೆ ಶ್ರೀನಿವಾಸ್ ಆರಿಸಿಕೊಂಡ ದಾರಿ ಬಂದೂಕಿನದ್ದಲ್ಲ. ವೀರಪ್ಪನ್ ಹುಟ್ಟೂರಾದ ಗೋಪಿನಾಥಂಗೇ ಹೋಗಿ ಅಲ್ಲಿ ಓಡಾಡಿಕೊಂಡು, ಜನರಿಗೆ ಔಷಧಿ ಸಿಗುವಂತೆ ಮಾಡಿ, ಊರಿಗೆ ಮಾರಿಯಮ್ಮನ ಗುಡಿ ಕಟ್ಟಿಸಿ, ಕಳ್ಳಸಾಗಣೆಗೆ ಹೋಗುತ್ತಿದ್ದವರನ್ನು ಒಬ್ಬೊಬ್ಬರಾಗಿ ಒಲಿಸಿ ವಾಪಸು ತಂದರು. ಊರಿನ ಹೆಚ್ಚಿನವರು ತಮಿಳು ಮಾತಾಡುವವರು. ಹೊರಗಿನ ಅಧಿಕಾರಿಯೊಬ್ಬ ಅಲ್ಲಿ ಮನೆಯವನಂತೆ ಆಗಿಬಿಟ್ಟದ್ದೇ ವೀರಪ್ಪನ್‌ಗೆ ನುಂಗಲಾರದ ತುತ್ತಾಯಿತು. ಶರಣಾಗುವುದಾಗಿ ಹೇಳಿ ಕಳಿಸಿ, ನಿರಾಯುಧರಾಗಿ ಬಂದ ಅವರನ್ನು 1991ರ ನವೆಂಬರ್ 10ರಂದು ಕೊಂದು ತಲೆ ಕಡಿದ. ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ಕೊಟ್ಟಿತು. ಗುಡಿ ಈಗಲೂ ಇದೆ, ಪೂಜೆ ನಡೆಯುತ್ತದೆ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ಸಾಕ್ಷ್ಯಚಿತ್ರದಲ್ಲಿ ಕ್ಯಾಮೆರಾದ ಮುಂದೆ ಕೂತು ಮಾತಾಡುವವರು ಬದುಕಿ ಉಳಿದವರು. ವೀರಪ್ಪನ್ ಪತ್ನಿ ಮುತ್ತುಲಕ್ಷ್ಮಿ ಮಾತಾಡುತ್ತಾರೆ, ನಿವೃತ್ತ ಅಧಿಕಾರಿಗಳು ಮಾತಾಡುತ್ತಾರೆ, ಪತ್ರಕರ್ತರು ಮಾತಾಡುತ್ತಾರೆ. ಮಾತಾಡುವುದು ಅವರ ಹಕ್ಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವರ ಕಡೆಗೆ ಮನಸ್ಸು ಜಾರುವುದು ಮನುಷ್ಯಸಹಜ, ಸತ್ತವರಿಗೆ ಆ ಅನುಕೂಲವಿಲ್ಲ. ಆದುದರಿಂದ ಚಿತ್ರ ಹಾಕುವ ಮೊದಲೇ ಸತ್ತವರ ಬಗ್ಗೆ ಒಂದಿಷ್ಟು ಮಾತಾಡಿಕೊಂಡು ಕೂರುವುದು ಒಳ್ಳೆಯದು. ಶ್ರೀನಿವಾಸ್ ಇರಬಹುದು, 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚುದಾಳಿಯಲ್ಲಿ ಹತರಾದ ಎಸ್‌ಪಿ ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಇರಬಹುದು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬಿಗೆ ಬಲಿಯಾದ 22 ಜನರಲ್ಲಿ ಪೊಲೀಸರು, ಅರಣ್ಯ ಸಿಬ್ಬಂದಿಯ ಜೊತೆಗೆ ದಾರಿ ತೋರಿಸಲು ಬಂದ ಮಾಹಿತಿದಾರರೂ ಇದ್ದರು. ಅವರ ಹೆಸರು ಯಾವ ಪೋಸ್ಟರಿನಲ್ಲೂ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮೂರಿನ ಹುಡುಗರು ಬೆಂಗಳೂರಿನಲ್ಲಿ ರೂಮು ಕೇಳಲು ಹೋದರೆ ‘ಓಹೋ, ವೀರಪ್ಪನ್ ಕಡೆಯವರೋ’ ಎಂಬ ನಗೆ ಇವತ್ತಿಗೂ ತಪ್ಪಿದ್ದಲ್ಲ. ಕೊಲೆ, ದರೋಡೆ ಮಾಡಿದ ಗ್ಯಾಂಗಿನಿಂದಾಗಿ ಹೆಸರು ಕೆಟ್ಟ, ಹೊಸಕೋಟೆ ಹತ್ತಿರದ ದಂಡುಪಾಳ್ಯದವರ ಪಾಡು ಇನ್ನೂ ಕೆಟ್ಟದ್ದು. 2012ರಲ್ಲಿ ಊರಿನ ಹೆಸರನ್ನೇ ಹೊತ್ತು ಒಂದು ಚಿತ್ರ ಬಂತು, ಅದಕ್ಕೆ ಮುಂದಿನ ಭಾಗಗಳೂ ಬಂದವು. ತಪ್ಪು ಮಾಡಿದವರು ಜೈಲಿಗೆ ಹೋದರೂ ಹೆಸರು ಊರಿನಲ್ಲಿಯೇ ಉಳಿಯಿತು. ಇದನ್ನೂ ಮಕ್ಕಳಿಗೆ ಹೇಳಿ.

ಖಾಕಿ ಮನೆಯವನು, ಚಾಮರಾಜನಗರ

ಹನೂರಿನವರ ಮಾತುಗಳಿಗೆ ಕೈಮುಗಿದೆ. ನಮ್ಮ ತಂದೆಯವರು ಕಾನ್‌ಸ್ಟೆಬಲ್ ಆಗಿ ವೀರಪ್ಪನ್ ಬೇಟೆಗೆಂದು ರಚಿಸಿದ್ದ ವಿಶೇಷ ಕಾರ್ಯಪಡೆಯಲ್ಲಿ ಇದ್ದರು. ಆ ಸರಣಿಯನ್ನು ನಾವು ಮನೆಯಲ್ಲಿ ಹಾಕಿದಾಗ ಮಧ್ಯದಲ್ಲಿಯೇ ನಿಲ್ಲಿಸಿದೆವು. ಕಾರ್ಯಪಡೆ ಹಳ್ಳಿಗರನ್ನು ಹಿಂಸಿಸಿತು ಎಂಬ ಭಾಗ ಬಂದಾಗ ನಮ್ಮ ಅಕ್ಕನ ಮಕ್ಕಳು ತಾತನ ಮುಖ ನೋಡತೊಡಗಿದರು. ಮೊಮ್ಮಕ್ಕಳ ಎದುರಿಗೆ ಒಬ್ಬ ಮನುಷ್ಯನನ್ನು ಹೀಗೆ ಕಟಕಟೆಯಲ್ಲಿ ನಿಲ್ಲಿಸುವುದು ಯಾವ ನ್ಯಾಯ? ಕಾಡಿನಲ್ಲಿ ಮಲೇರಿಯಾ ಹಿಡಿಸಿಕೊಂಡು, ಮಕ್ಕಳ ಹುಟ್ಟುಹಬ್ಬ ಬಿಟ್ಟು ದುಡಿದವರಿಗೆ ಕೊನೆಗೆ ದಕ್ಕಿದ್ದು ಇದೇ ಏನು? ನನ್ನ ಸಲಹೆ, ನಿಮ್ಮ ಮನೆಯಲ್ಲಿ ಅಥವಾ ನೆಂಟರಲ್ಲಿ ಆ ಕಾಲದ ನೌಕರರು ಇದ್ದರೆ ಈ ಚಿತ್ರಗಳನ್ನು ಒಟ್ಟಿಗೆ ನೋಡಲೇಬೇಡಿ.

ಕರಿಕೋಟು, ಮೈಸೂರು

ಖಾಕಿ ಮನೆಯವರೇ, ನಿಮ್ಮ ತಂದೆಯವರ ಸೇವೆಯ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಆ ಭಾಗವನ್ನು ಬಿಟ್ಟು ನೋಡಿದರೆ ಮಕ್ಕಳು ನೋಡಿದ್ದು ಅರ್ಧ ಕಥೆ. ಅದು ಚಿತ್ರದವರು ಕಟ್ಟಿದ ಆರೋಪವೂ ಅಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಮಿತಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಹಳ್ಳಿಗರ ಅಹವಾಲು ಕೇಳಿ ವರದಿ ಕೊಟ್ಟಿತು, ಅದರ ಆಧಾರದ ಮೇಲೆ ಆಯೋಗ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಶಿಫಾರಸು ಮಾಡಿತು. ಭಯೋತ್ಪಾದನೆ ತಡೆಗೆಂದು ಇದ್ದ ಟಾಡಾ ಕಾಯ್ದೆಯಡಿ ಬಂಧಿತರಾಗಿ ಇಲ್ಲಿಯ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವರಲ್ಲಿ ಬಹುಪಾಲು ಜನ 2001ರಲ್ಲಿ ಖುಲಾಸೆಯಾಗಿ ಹೊರಬಂದರು. ತಪ್ಪಿತಸ್ಥರಲ್ಲದ ಅವರಿಗೂ ಮನೆಗಳಿದ್ದವು, ಮೊಮ್ಮಕ್ಕಳು ಈಗ ಇದ್ದಾರೆ, ಅವರ ಮನೆಯಲ್ಲಿಯೂ ಟೀವಿ ಇದೆ. ಎಲ್ಲ ಕಾನ್‌ಸ್ಟೆಬಲ್‌ಗಳೂ ಹಿಂಸಿಸಿದರೆಂದು ಯಾರೂ ಹೇಳುತ್ತಿಲ್ಲ. ನಿಮ್ಮ ತಂದೆಯವರೇ ತಾವು ಕಂಡದ್ದನ್ನು, ಕಾಣದ್ದನ್ನು ಮಕ್ಕಳಿಗೆ ಹೇಳಿದರೆ ಅದು ಯಾವ ಸಾಕ್ಷ್ಯಚಿತ್ರಕ್ಕೂ ಸಿಗದ ಸಾಕ್ಷ್ಯ.

ಅಣ್ಣಾವ್ರ ಅಪಹರಣದ ಭಾಗವನ್ನು ನೋಡುವಾಗ ಒಂದು ಪ್ರಕರಣವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಎಲ್ಲರಲ್ಲಿಯೂ ವಿನಂತಿ. ಆಗ ವೀರಪ್ಪನ್ ಒಡ್ಡಿದ ಬೇಡಿಕೆಗಳಲ್ಲಿ ಟಾಡಾ ಬಂಧಿತರ ಬಿಡುಗಡೆಯೂ ಒಂದು. ನಾಡಿಗೆ ನಾಡೇ ರಾಜ್‌ಕುಮಾರ್ ಅವರ ಜೀವಕ್ಕಾಗಿ ಹರಕೆ ಹೊತ್ತಿದ್ದಾಗ, ಎಸ್.ಎಂ. ಕೃಷ್ಣ ಅವರ ಸರ್ಕಾರ ಟಾಡಾ ಆರೋಪಗಳನ್ನು ಹಿಂದಕ್ಕೆ ಪಡೆಯಲು ಮುಂದಾಯಿತು, ಮೈಸೂರಿನ ವಿಶೇಷ ನ್ಯಾಯಾಲಯವೂ ಒಪ್ಪಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ಅಬ್ದುಲ್ ಕರೀಂ. ಸ್ವತಃ ನಿವೃತ್ತ ಪೊಲೀಸ್ ಅಧಿಕಾರಿ, ಮೇಲೆ ಹನೂರಿನವರು ಹೆಸರಿಸಿದ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ತಂದೆ. 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟು ಸರ್ಕಾರದ ಕ್ರಮವನ್ನು ರದ್ದು ಮಾಡಿತು. ಆ ದಿನಗಳಲ್ಲಿ ಆ ವೃದ್ಧರ ಮೇಲೆ ಎಷ್ಟು ಒತ್ತಡವಿದ್ದಿರಬೇಕು ಎಂಬುದನ್ನು ಅಭಿಮಾನಿ ಬಳಗದವರೇ ಊಹಿಸಿಕೊಳ್ಳಬಹುದು. ಒಂದು ಕಡೆ ಕೋಟಿ ಜನರ ಪ್ರೀತಿಯ ಒತ್ತೆಯಾಳು, ಇನ್ನೊಂದು ಕಡೆ ಮಗನನ್ನು ಕಳೆದುಕೊಂಡ ಒಬ್ಬನೇ ಒಬ್ಬ ತಂದೆ. ಒಂಬತ್ತನೆಯ ತರಗತಿಯ ಹುಡುಗಿಯ ಮುಂದೆ ಇಡಲು ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಆ ಇಡೀ ಕಥೆಯಲ್ಲಿ ಇಲ್ಲವೆಂದೇ ನನ್ನ ಎಣಿಕೆ: ನೀನು ಆಗ ಮುಖ್ಯಮಂತ್ರಿಯಾಗಿದ್ದರೆ ಏನು ಮಾಡುತ್ತಿದ್ದೆ?

ಅಣ್ಣಾವ್ರ ಅಭಿಮಾನಿ, ಬೆಂಗಳೂರು

ಅರ್ಜಿಯ ಸುದ್ದಿ ಬಂದಾಗ ನಮ್ಮ ಬೀದಿಯಲ್ಲಿ ಆ ಹಿರಿಯರನ್ನು ಬೈಯದವರಿರಲಿಲ್ಲ, ವಕೀಲರೇ. ಅವರ ಮಗ ಎಲ್ಲಿ, ಹೇಗೆ ಸತ್ತರೆಂದು ಒಬ್ಬರೂ ವಿಚಾರಿಸಲಿಲ್ಲ.

ಖಾಕಿ ಮನೆಯವನು, ಚಾಮರಾಜನಗರ

ಕರಿಕೋಟು ಅವರೇ, ನೀವು ಹೇಳಿದ ಅಂಕಿಅಂಶಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಕೂಡಿ ಕೂತು ನೋಡುವ ಜಾಗ ಅದಲ್ಲ ಎಂಬ ನನ್ನ ಅಭಿಪ್ರಾಯ ಬದಲಾಗದು. ತಂದೆಯವರು ಮಾತಾಡಬೇಕೆಂದರೆ ಅದಕ್ಕೆ ಅವರದೇ ಹೊತ್ತು, ಅವರದೇ ಮನಸ್ಸು ಬೇಕು. ನಾವು ರಿಮೋಟ್ ಒತ್ತಿದ ಗಳಿಗೆಗೆ ಅವರು ಬಾಯಿ ಬಿಡಬೇಕೆಂದರೆ ಆದೀತೆ?

ಹಳೇ ಪ್ರೊಜೆಕ್ಟರ್, ತುಮಕೂರು

ಈ ಮಾತು ಸರಿ. ಕಾವೇರಿಪ್ರಿಯೆ ಅವರೇ, ನಿಮ್ಮ ಮಾವನವರಿಗೆ ಮೊದಲೇ ಹೇಳಿ ಕೇಳಿ. ‘ಬೇಡ’ ಎಂದರೆ ಅಲ್ಲಿಗೆ ಬಿಡಿ.

ಕಾವೇರಿಪ್ರಿಯೆ, ಮೈಸೂರು

ಹಬ್ಬ ಮುಗಿಯಿತು. ಉತ್ತರಿಸಿದ ಎಲ್ಲರಿಗೂ ಋಣಿ. ಏನಾಯಿತೆಂದು ಬರೆಯುವುದು ನನ್ನ ಕರ್ತವ್ಯ.

ಮೊದಲು ಮಾವನವರನ್ನೇ ಕೇಳಿದೆ. ‘ನಾನು ಕೂರುತ್ತೇನೆ, ಬೇಡ ಎನಿಸಿದರೆ ಎದ್ದು ಹೋಗುತ್ತೇನೆ, ನನ್ನ ಹಿಂದೆ ಯಾರೂ ಬರಕೂಡದು’ ಎಂದರು. ಚಿಕ್ಕವನನ್ನು ಮೈದುನ ಪಟಾಕಿಯ ನೆಪದಲ್ಲಿ ಹೊರಗೆ ಕರೆದೊಯ್ದ. ನಾಲ್ಕೂ ಕಂತುಗಳನ್ನು ಒಂದೇ ರಾತ್ರಿ ನೋಡಬೇಕೆಂಬ ಭಾವನವರ ಹಟಕ್ಕೆ ಯಾರೂ ಸೊಪ್ಪು ಹಾಕಲಿಲ್ಲ. ಒಂದು ರಾತ್ರಿಗೆ ಒಂದೇ ಕಂತು ಎಂದು ಗೊತ್ತು ಮಾಡಿಕೊಂಡೆವು. ಮೊದಲ ರಾತ್ರಿ ಟೀವಿ ಹಾಕುವ ಮೊದಲು ಹನೂರಿನವರು ಬರೆದ ಶ್ರೀನಿವಾಸ್ ಅವರ ಭಾಗವನ್ನು ಮಗಳಿಂದಲೇ ಗಟ್ಟಿಯಾಗಿ ಓದಿಸಿದೆ. ಅದರಿಂದ ಒಂದು ಉಪಯೋಗವಾಯಿತು. ಅವರ ಫೋಟೋ ಪರದೆಗೆ ಬಂದ ಕೂಡಲೇ ಅವಳು ಗುರುತಿಸಿದಳು, ಮುಂದೆ ಮುತ್ತುಲಕ್ಷ್ಮಿ ಮಾತಾಡುವಾಗಲೂ ಅವಳ ತಲೆಯಲ್ಲಿ ಆ ಮುಖ ಇದ್ದೇ ಇತ್ತು. ಮುತ್ತುಲಕ್ಷ್ಮಿಯವರ ಮಾತಿಗೆ ಅತ್ತೆಯವರು ಕರಗುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ‘ಅವಳೂ ಒಂದು ಹೆಣ್ಣು, ಕಟ್ಟಿಕೊಂಡ ತಪ್ಪಿಗೆ ಏನೆಲ್ಲ ಅನುಭವಿಸಿದಳು’ ಎಂದರು, ಬೆನ್ನಿಗೇ ‘ಅಣ್ಣಾವ್ರಿಗೆ ಕೊಟ್ಟ ಕಷ್ಟವನ್ನು ಮಾತ್ರ ನಾನು ಕ್ಷಮಿಸುವುದಿಲ್ಲ’ ಎಂದೂ ಸೇರಿಸಿದರು. ಎರಡೂ ಮಾತು ಒಂದೇ ಉಸಿರಿನಲ್ಲಿ.

ಪಾಲಾರಿನ ಸ್ಫೋಟದ ಭಾಗ ಬಂದಾಗ ಮಾವನವರು ‘ನಿಲ್ಲಿಸಿ’ ಎಂದರು. ಎದ್ದು ಹೋಗುತ್ತಾರೆಂದುಕೊಂಡೆವು, ಹೋಗಲಿಲ್ಲ. ಚೆಕ್‌ಪೋಸ್ಟಿನ ಕಥೆ ಹೇಳತೊಡಗಿದರು. ಬಸ್ಸಿನಿಂದ ಎಲ್ಲರನ್ನೂ ಇಳಿಸಿ ಸಾಲಾಗಿ ನಿಲ್ಲಿಸಿ, ಪ್ರತಿಯೊಂದು ಗಂಟನ್ನೂ ಬಿಚ್ಚಿಸುತ್ತಿದ್ದರಂತೆ. ಮನೆಗೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ, ರಾಗಿ, ಎಣ್ಣೆ ಕಂಡರೆ ‘ಯಾರಿಗೆ ಒಯ್ಯುತ್ತಿದ್ದೀಯ’ ಎಂಬ ಪ್ರಶ್ನೆ. ಮೊಮ್ಮಗಳ ಮದುವೆಗೆಂದು ರಾಗಿ ಒಯ್ಯುತ್ತಿದ್ದ ಒಬ್ಬ ಅಜ್ಜಿಯನ್ನು ಅಲ್ಲಿಯೇ ಇಳಿಸಿಕೊಂಡರು, ಟಿಕೆಟ್ ಹರಿದು ಕೊಟ್ಟ ಇವರು ಸೀಟಿ ಊದಿ ಬಸ್ಸು ಮುಂದಕ್ಕೆ ಬಿಡಿಸಿದರು. ಆಕೆಗೆ ಆಮೇಲೆ ಏನಾಯಿತೆಂದು ಇವರು ಯಾರನ್ನೂ ಕೇಳಲಿಲ್ಲ, ಕೇಳುವ ಧೈರ್ಯ ಆ ದಾರಿಯಲ್ಲಿ ಯಾರಿಗೂ ಇರಲಿಲ್ಲವಂತೆ. ಅದೇ ಚೆಕ್‌ಪೋಸ್ಟಿನ ಹುಡುಗರು ಇವರ ಬಸ್ಸಿನಲ್ಲಿ ರಜೆಗೆ ಊರಿಗೆ ಹೋಗುವಾಗ ನಿದ್ದೆಯಲ್ಲಿಯೂ ಬೆಚ್ಚಿ ಎದ್ದು ಕೂರುತ್ತಿದ್ದರು ಎಂದೂ ಹೇಳಿದರು. ಖಾಕಿ ಮನೆಯವರೇ, ಈ ಮಾತನ್ನು ನಿಮಗಾಗಿಯೇ ಬರೆಯುತ್ತಿದ್ದೇನೆ. ಆ ರಾತ್ರಿ ಕಂತು ಪೂರ್ತಿಯಾಗಲಿಲ್ಲ, ಯಾರಿಗೂ ಅದರ ಅಗತ್ಯ ಕಾಣಲಿಲ್ಲ.

ಕರಿಕೋಟು ಅವರ ಪ್ರಶ್ನೆಯನ್ನು ಮೂರನೆಯ ರಾತ್ರಿ ಮಗಳ ಮುಂದೆ ಇಟ್ಟೆ. ತಾನಾಗಿದ್ದರೆ ಬಂಧಿತರನ್ನು ಬಿಟ್ಟು ರಾಜ್‌ಕುಮಾರ್ ಅವರನ್ನು ಕರೆತರುತ್ತಿದ್ದೆ ಎಂದಳು. ‘ಹಾಗಾದರೆ ಕರೀಂ ಅವರಿಗೆ ಏನು ಹೇಳುತ್ತಿದ್ದೆ’ ಎಂದು ಅವಳ ದೊಡ್ಡಪ್ಪ ಕೇಳಿದಾಗ ಉತ್ತರ ಹೊಳೆಯಲಿಲ್ಲ. ‘ಬಂಧಿತರಲ್ಲಿ ಹೆಚ್ಚಿನವರು ಆಮೇಲೆ ಖುಲಾಸೆಯಾದರೆಂದ ಮೇಲೆ ಅವರನ್ನು ಮೊದಲೇ ಬಿಟ್ಟಿದ್ದರೆ ತಪ್ಪೇನಿತ್ತು’ ಎಂದು ಅವಳು ತಿರುಗಿ ಕೇಳಿದ್ದಕ್ಕೆ ನಮ್ಮಲ್ಲಿ ಯಾರಲ್ಲಿಯೂ ಸರಿಯಾದ ಉತ್ತರ ಇರಲಿಲ್ಲ. ವಕೀಲರು ಬಿಡುವಿದ್ದಾಗ ತಿಳಿಸಿದರೆ ಅವಳಿಗೆ ಓದಿ ಹೇಳುತ್ತೇನೆ. ಪಾಲಾರಿನ ಪ್ರಕರಣದಲ್ಲಿ ಶಿಕ್ಷೆಯಾದವರು ಏನಾದರು ಎಂಬುದೂ ಅವಳ ಇನ್ನೊಂದು ಪ್ರಶ್ನೆ.

ಬೆಣ್ಣೆದೋಸೆ, ದಾವಣಗೆರೆ

ನಾಲ್ಕು ರಾತ್ರಿಯಲ್ಲಿ ಮಾವನವರಿಂದ ಇಷ್ಟು ಮಾತು ಬಂತೆಂದರೆ ಕಜ್ಜಾಯದ ನನ್ನ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಪಟಾಕಿಗೆ ಹೋದ ಹುಡುಗ ಜಾಣ, ಅದು ಬೇರೆ ಮಾತು.

ಕರಿಕೋಟು, ಮೈಸೂರು

ಮಗಳ ಪ್ರಶ್ನೆ ಚೆನ್ನಾಗಿದೆ. ಸಾಕ್ಷ್ಯವಿಲ್ಲವೆಂದು ನ್ಯಾಯಾಲಯ ವಿಚಾರಣೆ ನಡೆಸಿ ಬಿಡುವುದು ಬೇರೆ, ಕಾಡಿನಲ್ಲಿರುವ ಅಪರಾಧಿಯೊಬ್ಬ ಬೆದರಿಸಿದನೆಂದು ಸರ್ಕಾರ ಆರೋಪವನ್ನೇ ಕೈಬಿಡುವುದು ಬೇರೆ. ಸುಪ್ರೀಂ ಕೋರ್ಟು ತಡೆದದ್ದು ಎರಡನೆಯದನ್ನು. ಖುಲಾಸೆಯಾದವರಿಗೆ ಆಗಿದ್ದ ಅನ್ಯಾಯವೆಂದರೆ ವಿಚಾರಣೆ ವರ್ಷಗಟ್ಟಲೆ ಎಳೆದದ್ದು. ಅದಕ್ಕೆ ಪರಿಹಾರ ವಿಚಾರಣೆಯನ್ನು ಬೇಗ ಮುಗಿಸುವುದಾಗಿತ್ತು. ಹಾಗೆಂದು ಅವಳು ಒಪ್ಪಲೇಬೇಕೆಂದಿಲ್ಲ, ನಮ್ಮ ವಕೀಲರಲ್ಲಿಯೇ ಒಪ್ಪದವರಿದ್ದಾರೆ.

ಪಾಲಾರ್ ಪ್ರಕರಣದಲ್ಲಿ ನಾಲ್ವರಿಗೆ ಸುಪ್ರೀಂ ಕೋರ್ಟು 2004ರ ಜನವರಿಯಲ್ಲಿ ಮರಣದಂಡನೆ ವಿಧಿಸಿತು. ಅದೇ ವರ್ಷ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ವೀರಪ್ಪನ್ ಹತನಾದ. ಈ ನಾಲ್ವರ ಕ್ಷಮಾದಾನದ ಅರ್ಜಿಗಳು ಮಾತ್ರ ವರ್ಷಗಟ್ಟಲೆ ಇತ್ಯರ್ಥವಾಗದೆ ಕೂತವು. ಆ ವಿಳಂಬದ ಕಾರಣಕ್ಕೆ 2014ರ ಜನವರಿ 21ರಂದು ಸುಪ್ರೀಂ ಕೋರ್ಟು ಅವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಓದುವ ಆಸಕ್ತಿ ಇದ್ದರೆ ಕರೀಂ ಅವರ ಅರ್ಜಿಯ 2000ದ ತೀರ್ಪು ‘ಅಬ್ದುಲ್ ಕರೀಂ ವಿರುದ್ಧ ಕರ್ನಾಟಕ ರಾಜ್ಯ’, ಶಿಕ್ಷೆ ಇಳಿಸಿದ 2014ರ ತೀರ್ಪು ‘ಶತ್ರುಘ್ನ ಚೌಹಾಣ್ ವಿರುದ್ಧ ಭಾರತ ಒಕ್ಕೂಟ’ ಎಂಬ ಹೆಸರಿನಲ್ಲಿ ಸಿಗುತ್ತವೆ. ಇಂಗ್ಲಿಷ್ ಸ್ವಲ್ಪ ಗಡಸು. ರಜೆಯಲ್ಲಿ ಅವಳ ಜೊತೆಗೆ ನೀವೂ ಕೂತು ಓದಿ, ಎಲ್ಲಿ ತೊಡಕಾಗುತ್ತದೋ ಆ ಪ್ಯಾರಾವನ್ನು ಇಲ್ಲಿ ಹಾಕಿ, ಬಿಡಿಸಿ ಹೇಳುತ್ತೇನೆ.